ತಡವಾದ ಕ್ರಮಕ್ಕೆ ಬೆಲೆ ತೆರುವವರು ಯಾರು?

ಬೆಳೆಯುತ್ತಿರುವ ದೇಶಗಳಲ್ಲಿ ಬ್ಯಾಂಕ್ ನಿಯಂತ್ರಣ: ಒಂದು ಸಮೀಕ್ಷೆ

1997ರ ನವೆಂಬರ್ 1ರಂದು ಇಂಡೋನೇಷ್ಯಾ ಸರ್ಕಾರ 16 ಖಾಸಗಿ ಬ್ಯಾಂಕುಗಳನ್ನು ಒಂದೇ ಏಟಿಗೆ ಮುಚ್ಚಿತು. ಅವು ಮುಳುಗಿದ್ದವು, ಮುಚ್ಚಲೇಬೇಕಿತ್ತು. ಆದರೆ 2 ಕೋಟಿ ರುಪಿಯಾದವರೆಗಿನ ಸಣ್ಣ ಠೇವಣಿಗಳಿಗೆ ಮಾತ್ರ ಸರ್ಕಾರ ಭರವಸೆ ಕೊಟ್ಟಿತು. ಉಳಿದ ಬ್ಯಾಂಕುಗಳ ಪೈಕಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಜನರಿಗೆ ತಿಳಿಯುವ ದಾರಿ ಇರಲಿಲ್ಲ. ಮುಚ್ಚಿದ ಬ್ಯಾಂಕೊಂದರಲ್ಲಿ ಪಾಲು ಹೊಂದಿದ್ದ ಅಧ್ಯಕ್ಷ ಸುಹಾರ್ತೊ ಅವರ ಮಗ ಕೆಲವೇ ವಾರಗಳಲ್ಲಿ ಇನ್ನೊಂದು ಬ್ಯಾಂಕಿನ ಹೆಸರಿನಲ್ಲಿ ವ್ಯವಹಾರ ಮುಂದುವರಿಸಿದರು. ಅದನ್ನು ಕಂಡ ಜನ ಖಾಸಗಿ ಬ್ಯಾಂಕುಗಳಿಂದ ಹಣ ತೆಗೆದು ಸರ್ಕಾರಿ ಮತ್ತು ವಿದೇಶಿ ಬ್ಯಾಂಕುಗಳಿಗೆ ಸಾಗಿಸಿದರು. 1998ರ ಜನವರಿಯಲ್ಲಿ ಸರ್ಕಾರ ಎಲ್ಲ ಬ್ಯಾಂಕುಗಳ ಎಲ್ಲ ಠೇವಣಿಗೂ ತಾನೇ ಹೊಣೆ ಎಂದು ಘೋಷಿಸಬೇಕಾಯಿತು. ಆ ಬ್ಯಾಂಕುಗಳನ್ನು ಮತ್ತೆ ನಿಲ್ಲಿಸಲು ದೇಶದ ಒಂದು ವರ್ಷದ ಉತ್ಪನ್ನದ ಅರ್ಧದಷ್ಟು ಹಣ ಹೋಯಿತೆಂಬ ಅಂದಾಜಿದೆ.

ಇಂಡೋನೇಷ್ಯಾದಲ್ಲಿ ನಿಯಮಗಳಿರಲಿಲ್ಲವೇ? ಇದ್ದವು. ಬ್ಯಾಂಕು ತನ್ನ ಮಾಲೀಕರ ಕಂಪನಿಗಳಿಗೆ ಎಷ್ಟು ಸಾಲ ಕೊಡಬಹುದೆಂಬ ಮಿತಿಯಿತ್ತು, ಕನಿಷ್ಠ ಬಂಡವಾಳದ ನಿಯಮವಿತ್ತು, ತಪಾಸಣೆ ನಡೆಸುವ ಕೇಂದ್ರ ಬ್ಯಾಂಕ್ ಇತ್ತು. ಮಿತಿ ಮೀರಿದವರನ್ನು ತಡೆಯುವ ಬಲ ಮಾತ್ರ ಯಾರಿಗೂ ಇರಲಿಲ್ಲ. ಕಳೆದ ಹಲವು ದಶಕಗಳಲ್ಲಿ ಚಿಲಿ, ಮೆಕ್ಸಿಕೊ, ಥಾಯ್ಲೆಂಡ್, ನೈಜೀರಿಯಾ, ಬಾಂಗ್ಲಾದೇಶ ಮತ್ತು ಭಾರತದಲ್ಲಿ ನಡೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬ್ಯಾಂಕುಗಳು ಬಿದ್ದಾಗ ಪುಸ್ತಕದಲ್ಲಿ ನಿಯಮ ಇದ್ದೇ ಇರುತ್ತದೆ. ಆ ನಿಯಮವನ್ನು ಕಾಲಕ್ಕೆ ಸರಿಯಾಗಿ, ಬಲಾಢ್ಯರ ಮೇಲೂ ಸಮಾನವಾಗಿ ಹೇರುವ ಧೈರ್ಯ ಮತ್ತು ಅಧಿಕಾರ ಎರಡೂ ಒಂದೇ ಕೈಯಲ್ಲಿ ಇರುವುದು ಅಪರೂಪ. ಹಾಗೆ ತಡವಾದ ಪ್ರತಿ ತಿಂಗಳಿನ ಲೆಕ್ಕವೂ ಕೊನೆಗೆ ಸಣ್ಣ ಠೇವಣಿದಾರರ ಮತ್ತು ತೆರಿಗೆದಾರರ ತಲೆಗೆ ಬರುತ್ತದೆ.

ಬ್ಯಾಂಕಿಗೇಕೆ ಪ್ರತ್ಯೇಕ ಕಾವಲು?

ಒಂದು ಬಟ್ಟೆ ಗಿರಣಿ ದಿವಾಳಿಯಾದರೆ ಪಕ್ಕದ ಗಿರಣಿಗೆ ಗಿರಾಕಿ ಹೆಚ್ಚುತ್ತಾರೆ. ಒಂದು ಬ್ಯಾಂಕು ದಿವಾಳಿಯಾದರೆ ಪಕ್ಕದ ಬ್ಯಾಂಕಿನ ಮುಂದೆಯೂ ಹಣ ತೆಗೆಯುವವರ ಸಾಲು ಬೆಳೆಯುತ್ತದೆ. ಬ್ಯಾಂಕ್ ವ್ಯವಹಾರಕ್ಕೆ ಪ್ರತ್ಯೇಕ ಕಾನೂನು ಬೇಕಾದದ್ದು ಮೊದಲಿಗೆ ಈ ಕಾರಣಕ್ಕೆ. ಎರಡನೆಯ ಕಾರಣ ಹಣದ ಮೂಲದಲ್ಲಿದೆ. ಬ್ಯಾಂಕು ನೂರು ರೂಪಾಯಿ ಸಾಲ ಕೊಟ್ಟರೆ ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ರೂಪಾಯಿ ಠೇವಣಿ ಇಟ್ಟವರದ್ದೋ ಬೇರೆ ಕಡೆ ಎತ್ತಿದ ಸಾಲದ್ದೋ ಆಗಿರುತ್ತದೆ, ಮಾಲೀಕರ ಸ್ವಂತ ಹಣ ಕಡಿಮೆ. ಸಾಹಸ ಫಲಿಸಿದರೆ ಲಾಭ ಮಾಲೀಕರಿಗೆ, ಕೈಕೊಟ್ಟರೆ ನಷ್ಟದ ಹೆಚ್ಚಿನ ಪಾಲು ಇತರರಿಗೆ. ಕನಿಷ್ಠ ಬಂಡವಾಳ, ಒಬ್ಬನೇ ಸಾಲಗಾರನಿಗೆ ಮಿತಿ, ನಿರ್ದೇಶಕರಿಗೆ ಸಾಲ ಕೊಡುವುದಕ್ಕೆ ತಡೆ, ವಸೂಲಾಗದ ಸಾಲಕ್ಕೆ ಮುಂಚಿತವಾಗಿ ಹಣ ತೆಗೆದಿಡುವುದು, ಠೇವಣಿ ವಿಮೆ, ಎಲ್ಲವೂ ಈ ಅಸಮತೋಲನವನ್ನು ಸರಿದೂಗಿಸಲು ಹುಟ್ಟಿದ ಉಪಾಯಗಳು.

ಬೆಳೆಯುತ್ತಿರುವ ದೇಶಗಳಲ್ಲಿ ಈ ಕೆಲಸ ಇನ್ನಷ್ಟು ಕಷ್ಟ. ಅಲ್ಲಿ ಉದ್ಯಮಗಳಿಗೆ ಹಣ ಬರುವುದು ಮುಖ್ಯವಾಗಿ ಬ್ಯಾಂಕುಗಳಿಂದ; ಬಾಂಡ್ ಮತ್ತು ಷೇರು ಮಾರುಕಟ್ಟೆಗಳ ಆಳ ಕಡಿಮೆ. ಹಾಗಾಗಿ ಬ್ಯಾಂಕು ಸೊರಗಿದರೆ ಸಾಲ ಬೇಕಾದವರಿಗೆ ಬೇರೆ ಬಾಗಿಲಿಲ್ಲ. ದೊಡ್ಡ ಉದ್ಯಮಗಳು ಕೆಲವೇ ಕುಟುಂಬಗಳ ಕೈಯಲ್ಲಿರುತ್ತವೆ, ಅನೇಕ ಕಡೆ ಬ್ಯಾಂಕುಗಳೂ ಅವೇ ಕುಟುಂಬಗಳ ಕೈಯಲ್ಲಿ. ಇಲ್ಲವಾದರೆ ಸರ್ಕಾರವೇ ದೊಡ್ಡ ಬ್ಯಾಂಕುಗಳ ಒಡೆಯ. ಸಾಲ ಡಾಲರಿನಲ್ಲಿ, ಆದಾಯ ಸ್ಥಳೀಯ ಹಣದಲ್ಲಿ ಇರುವುದರಿಂದ ನಾಣ್ಯದ ಬೆಲೆ ಕುಸಿದ ದಿನವೇ ಸಾಲದ ಹೊರೆ ದುಪ್ಪಟ್ಟಾಗಬಹುದು. ನ್ಯಾಯಾಲಯದಲ್ಲಿ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ವರ್ಷಗಟ್ಟಲೆ ಬೇಕು. ಈ ಪರಿಸ್ಥಿತಿಯಲ್ಲಿ ಲಂಡನ್ನಿನಲ್ಲಿ ಕೆಲಸ ಮಾಡುವ ನಿಯಮ ಜಕಾರ್ತದಲ್ಲಿ ಅದೇ ಫಲ ಕೊಡುತ್ತದೆಂದು ಹೇಳಲಾಗದು.

ಪಾಲಾಯಿಯ ಪಾಠ

ಭಾರತದ ನಿಯಂತ್ರಣ ವ್ಯವಸ್ಥೆ ಪ್ರತಿ ಹೆಜ್ಜೆಯನ್ನೂ ಒಂದೊಂದು ಪೆಟ್ಟು ತಿಂದೇ ಕಲಿತದ್ದು. ರಿಸರ್ವ್ ಬ್ಯಾಂಕ್ 1935ರಲ್ಲಿ ಆರಂಭವಾಗಿ 1949ರ ಜನವರಿ 1ರಂದು ರಾಷ್ಟ್ರೀಕರಣಗೊಂಡಿತು. ಅದೇ ವರ್ಷ ಬ್ಯಾಂಕುಗಳ ನಿಯಂತ್ರಣ ಕಾಯ್ದೆ ಬಂತು. ಆದರೂ ದೇಶದಲ್ಲಿ ನೂರಾರು ಸಣ್ಣ ಬ್ಯಾಂಕುಗಳು ಹುಟ್ಟುತ್ತ ಸಾಯುತ್ತ ಇದ್ದವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಅದು ಆ ರಾಜ್ಯದ ದೊಡ್ಡ ಬ್ಯಾಂಕುಗಳಲ್ಲೊಂದು, ಆದ್ದರಿಂದ ಆಘಾತ ಸಂಸತ್ತಿನವರೆಗೂ ಹೋಯಿತು. ಅದೇ ವರ್ಷ ದುರ್ಬಲ ಬ್ಯಾಂಕುಗಳ ವ್ಯವಹಾರ ತಡೆಹಿಡಿದು ಬೇರೆ ಬ್ಯಾಂಕಿನೊಂದಿಗೆ ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ಬಂತು. 1962ರ ಜನವರಿ 1ರಂದು ಠೇವಣಿ ವಿಮಾ ನಿಗಮ ಕೆಲಸ ಶುರುಮಾಡಿತು. ಆಗ ವಿಮೆಯ ಮಿತಿ ಒಬ್ಬರಿಗೆ 1,500 ರೂಪಾಯಿ. 1951ರಲ್ಲಿ 566 ಇದ್ದ ಬ್ಯಾಂಕುಗಳ ಸಂಖ್ಯೆ 1969ರ ಹೊತ್ತಿಗೆ ನೂರಕ್ಕಿಂತ ಕೆಳಗಿಳಿಯಿತು.

ಆ ಜರಡಿಯಲ್ಲಿ ಉಳಿದುಕೊಂಡವುಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಬ್ಯಾಂಕುಗಳು ಎದ್ದು ಕಾಣುತ್ತವೆ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನ ಏಜೆಂಟರು ದಿನಕ್ಕೆ ಕೆಲವು ಆಣೆಗಳನ್ನು ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು ಬ್ಯಾಂಕನ್ನು ನಂಬಿದ್ದು ಹೀಗೆ. ನಿಯಂತ್ರಣ ಕಾಪಾಡಬೇಕಾದದ್ದು ಕಾಗದದ ಮೇಲಿನ ಅನುಪಾತಕ್ಕಿಂತ ಹೆಚ್ಚಾಗಿ ಈ ನಂಬಿಕೆಯನ್ನು.

1969ರ ಜುಲೈ 19ರಂದು 14 ಬ್ಯಾಂಕುಗಳು, 1980ರ ಏಪ್ರಿಲ್ 15ರಂದು ಇನ್ನೂ ಆರು ರಾಷ್ಟ್ರೀಕರಣಗೊಂಡವು. ಮೊದಲ ಪಟ್ಟಿಯಲ್ಲಿ ಕೆನರಾ ಮತ್ತು ಸಿಂಡಿಕೇಟ್, ಎರಡನೆಯದರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಇದ್ದವು. ಹಳ್ಳಿಗಳಿಗೆ ಶಾಖೆಗಳು ಬಂದವು, ರೈತರಿಗೆ ಸಾಲ ಸಿಕ್ಕಿತು. ಆದರೆ ನಿಯಮ ಮಾಡುವ ಸರ್ಕಾರವೇ ಬ್ಯಾಂಕುಗಳ ಮಾಲೀಕನೂ ಆದದ್ದರಿಂದ ಮುಂದೆ ಎಂಥ ತೊಡಕು ಬಂತೆಂಬುದನ್ನು ಕೆಳಗೆ ನೋಡೋಣ.

ಬಾಗಿಲು ಮೊದಲು ತೆರೆದು, ಕಾವಲು ಆಮೇಲೆ ಇಟ್ಟವರು

ಎಪ್ಪತ್ತರ ದಶಕದಲ್ಲಿ ಚಿಲಿ ತನ್ನ ಬ್ಯಾಂಕುಗಳನ್ನು ಖಾಸಗಿಯವರಿಗೆ ಮಾರಿತು. ಕೊಂಡವರಲ್ಲಿ ಹಲವರು ಸಾಲ ಮಾಡಿಯೇ ಕೊಂಡಿದ್ದರು. ಕೊಂಡ ಮೇಲೆ ಆ ಬ್ಯಾಂಕುಗಳ ಠೇವಣಿಯಿಂದ ತಮ್ಮದೇ ಕಂಪನಿಗಳಿಗೆ ಸಾಲ ಕೊಟ್ಟುಕೊಂಡರು. 1979ರಿಂದ ಡಾಲರಿಗೆ 39 ಪೆಸೊ ಎಂದು ಬೆಲೆ ನಿಗದಿಯಾಗಿದ್ದರಿಂದ ಡಾಲರ್ ಸಾಲ ಅಗ್ಗವಾಗಿ ಕಂಡಿತು. 1982ರಲ್ಲಿ ಪೆಸೊ ಕುಸಿಯಿತು, ಆ ಒಂದೇ ವರ್ಷದಲ್ಲಿ ಆರ್ಥಿಕತೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತು. 1983ರ ಜನವರಿಯಲ್ಲಿ ಮುಕ್ತ ಮಾರುಕಟ್ಟೆಯ ಹೆಸರಿನಲ್ಲಿ ಆಳುತ್ತಿದ್ದ ಸರ್ಕಾರವೇ ದೇಶದ ಎರಡು ಅತಿದೊಡ್ಡ ಖಾಸಗಿ ಬ್ಯಾಂಕುಗಳನ್ನು ವಶಕ್ಕೆ ತೆಗೆದುಕೊಂಡಿತು. ಚಿಲಿ ಆಮೇಲೆ ಪಾಠ ಕಲಿತದ್ದು ಗಂಭೀರವಾಗಿಯೇ. 1986ರ ಬ್ಯಾಂಕ್ ಕಾನೂನು ಸಂಬಂಧಿಗಳಿಗೆ ಕೊಡುವ ಸಾಲಕ್ಕೆ ಬಿಗಿ ಮಿತಿ ಹಾಕಿ, ಬ್ಯಾಂಕುಗಳ ಸ್ಥಿತಿಗತಿಯನ್ನು ಸಾರ್ವಜನಿಕರ ಮುಂದಿಡುವುದನ್ನು ಕಡ್ಡಾಯ ಮಾಡಿತು. ಅಷ್ಟು ದೊಡ್ಡ ಬ್ಯಾಂಕ್ ಕುಸಿತ ಆ ದೇಶದಲ್ಲಿ ಮತ್ತೆ ಆಗಿಲ್ಲ.

ಮೆಕ್ಸಿಕೊ ಅದೇ ದಾರಿಯಲ್ಲಿ ಹೋಯಿತು. 1982ರಲ್ಲಿ ರಾಷ್ಟ್ರೀಕರಿಸಿದ್ದ ಬ್ಯಾಂಕುಗಳಲ್ಲಿ 18ನ್ನು 1991–92ರಲ್ಲಿ ಭಾರೀ ಬೆಲೆಗೆ ಖಾಸಗಿಯವರಿಗೆ ಮಾರಿತು. ತಪಾಸಣೆ ನಡೆಸುವವರ ಅನುಭವ, ಸಾಲಗಾರರ ಮಾಹಿತಿ, ಲೆಕ್ಕದ ನಿಯಮ ಯಾವುದೂ ಆ ವೇಗಕ್ಕೆ ಸಜ್ಜಾಗಿರಲಿಲ್ಲ. 1994ರ ಡಿಸೆಂಬರಿನಲ್ಲಿ ಪೆಸೊ ಬಿದ್ದು ಬ್ಯಾಂಕುಗಳೂ ಬಿದ್ದವು. ಅಲ್ಲಿನ ಸಾಲದ ಕಡತಗಳನ್ನು ಪರಿಶೀಲಿಸಿ ಅರ್ಥಶಾಸ್ತ್ರಜ್ಞ ಲಾ ಪೋರ್ಟಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಡೀ ಚರ್ಚೆಗೆ ಗಟ್ಟಿ ಆಧಾರ ಒದಗಿಸಿತು. ವಾಣಿಜ್ಯ ಸಾಲಗಳಲ್ಲಿ ಸುಮಾರು ಶೇ 20ರಷ್ಟು ಬ್ಯಾಂಕಿನ ಮಾಲೀಕರಿಗೆ ಸಂಬಂಧಪಟ್ಟವರಿಗೇ ಹೋಗಿತ್ತು. ಅವರಿಗೆ ವಿಧಿಸಿದ ಬಡ್ಡಿ ಇತರರಿಗಿಂತ ಸುಮಾರು 4 ಶೇಕಡಾಂಶ ಕಡಿಮೆ. ಸುಸ್ತಿಯಾದದ್ದು ಮಾತ್ರ ಅವರೇ ಹೆಚ್ಚು, ಅವರಿಂದ ವಸೂಲಾದದ್ದೂ ಕಡಿಮೆ.

ಥಾಯ್ಲೆಂಡಿನಲ್ಲಿ ಮೊದಲು ಬಿದ್ದವು ಬ್ಯಾಂಕುಗಳಿಗಿಂತ ಸಡಿಲ ನಿಯಮಗಳ ಅಡಿಯಲ್ಲಿದ್ದ ಫೈನಾನ್ಸ್ ಕಂಪನಿಗಳು. ಅಲ್ಪಾವಧಿಯ ಡಾಲರ್ ಸಾಲ ತಂದು ಕಟ್ಟಡ, ನಿವೇಶನಗಳಿಗೆ ಸುರಿದಿದ್ದವು. 1997ರ ಜುಲೈ 2ರಂದು ಬಾತ್ ನಾಣ್ಯದ ನಿಗದಿತ ಬೆಲೆ ಕೈಬಿಟ್ಟರು. ಡಿಸೆಂಬರಿನಲ್ಲಿ 56 ಫೈನಾನ್ಸ್ ಕಂಪನಿಗಳು ಶಾಶ್ವತವಾಗಿ ಮುಚ್ಚಿದವು. ಬಾಗಿಲು ತೆರೆಯುವುದೇ ತಪ್ಪೆಂದು ಈ ಮೂರು ದೇಶಗಳ ಅನುಭವ ಹೇಳುವುದಿಲ್ಲ. ಪರವಾನಗಿ ಕೊಡುವ ವೇಗಕ್ಕೆ ಸಮನಾಗಿ ತಪಾಸಣೆಯ ಬಲ ಬೆಳೆಯದಿದ್ದರೆ ಉದಾರೀಕರಣದ ಲಾಭವನ್ನು ಕೆಲವರು ಮೊದಲೇ ಉಂಡು, ನಷ್ಟವನ್ನು ಎಲ್ಲರಿಗೂ ಹಂಚಿ ಹೋಗುತ್ತಾರೆ ಎನ್ನುವುದೇ ಅದರ ಸಾರ.

ಬಾಸೆಲ್ ಅಳತೆಗೋಲು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೂತ ಸಮಿತಿಯೊಂದು ಜಗತ್ತಿನ ಬ್ಯಾಂಕುಗಳಿಗೆ ಅಳತೆಗೋಲು ಕೊಡುತ್ತದೆ. ಜರ್ಮನಿಯ ಹರ್‌ಸ್ಟಾಟ್ ಬ್ಯಾಂಕ್ ಕುಸಿದ 1974ರಲ್ಲಿ ಅದು ಹುಟ್ಟಿತು. 1988ರ ಮೊದಲ ಒಪ್ಪಂದ ಬ್ಯಾಂಕು ಕೊಟ್ಟ ಸಾಲಗಳ ಅಪಾಯವನ್ನು ತೂಗಿ, ಅದರ ಶೇ 8ರಷ್ಟಾದರೂ ಸ್ವಂತ ಬಂಡವಾಳ ಇರಬೇಕೆಂದಿತು. 2004ರಲ್ಲಿ ಎರಡನೆಯ, 2010ರಲ್ಲಿ ಮೂರನೆಯ ಒಪ್ಪಂದ ಬಂತು. ಭಾರತ ಬ್ಯಾಂಕಿಂಗ್ ಸುಧಾರಣೆ ಕುರಿತ ನರಸಿಂಹಂ ಸಮಿತಿಯ 1991ರ ವರದಿಯ ನಂತರ ಈ ಅಳತೆಗೋಲನ್ನು ಒಪ್ಪಿ, ಆಮೇಲೆ ಒಂದು ಅಂಶ ಹೆಚ್ಚಿಸಿ ಶೇ 9 ಎಂದು ಬಿಗಿಗೊಳಿಸಿತು.

ಈ ಒಪ್ಪಂದಗಳಿಂದ ಒಳ್ಳೆಯದಾಗಿದೆ. ಬಂಡವಾಳ ಎಂದರೇನು, ಸುಸ್ತಿ ಸಾಲ ಎಂದರೇನು ಎಂಬುದಕ್ಕೆ ಎಲ್ಲ ದೇಶಗಳಿಗೂ ಒಂದು ಸಾಮಾನ್ಯ ಭಾಷೆ ಸಿಕ್ಕಿತು. ಆದರೆ ಅವನ್ನು ಬರೆದದ್ದು ಶ್ರೀಮಂತ ದೇಶಗಳು, ತಮ್ಮ ಬ್ಯಾಂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಭಾರತ, ಬ್ರೆಜಿಲ್, ಚೀನಾಗಳಿಗೆ ಆ ಸಮಿತಿಯಲ್ಲಿ ಕುರ್ಚಿ ಸಿಕ್ಕಿದ್ದು 2009ರಲ್ಲಿ. ಇದರ ಪರಿಣಾಮ ಬರಿಯ ಗೌರವದ ಪ್ರಶ್ನೆಯಾಗಿ ಉಳಿಯಲಿಲ್ಲ. 1988ರ ನಿಯಮದಂತೆ ಶ್ರೀಮಂತ ದೇಶಗಳ ಒಇಸಿಡಿ ಗುಂಪಿನ ಹೊರಗಿನ ದೇಶದ ಬ್ಯಾಂಕಿಗೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಸಾಲ ಕೊಟ್ಟರೆ ಅಪಾಯದ ತೂಕ ಶೇ 100. ಒಂದು ವರ್ಷದೊಳಗಿನ ಸಾಲಕ್ಕೆ ಶೇ 20 ಮಾತ್ರ. ಹೀಗಾಗಿ ಪಾಶ್ಚಾತ್ಯ ಬ್ಯಾಂಕುಗಳಿಗೆ ಬಡ ದೇಶಗಳಿಗೆ ಅಲ್ಪಾವಧಿ ಸಾಲ ಕೊಡುವುದೇ ಲಾಭಕರವಾಯಿತು. 1997ರಲ್ಲಿ ಏಷ್ಯಾದ ದೇಶಗಳನ್ನು ಉಸಿರುಗಟ್ಟಿಸಿದ್ದು ಇಂಥ ಅಲ್ಪಾವಧಿ ಸಾಲವೇ. ಎಲ್ಲರೂ ಒಟ್ಟಿಗೇ ಹಣ ವಾಪಸ್ ಕೇಳಿದರು.

ಇನ್ನೊಂದು ಮಿತಿಯೂ ಇದೆ. ಅನುಪಾತದ ಕೆಳಗಿನ ಲೆಕ್ಕವೇ ಸುಳ್ಳಾದರೆ ಅನುಪಾತಕ್ಕೆ ಬೆಲೆಯಿಲ್ಲ. ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಟ್ಟು ಸುಸ್ತಿಯನ್ನು ಮುಚ್ಚಿಟ್ಟರೆ ಬ್ಯಾಂಕು ಕಾಗದದ ಮೇಲೆ ಆರೋಗ್ಯವಾಗಿಯೇ ಕಾಣುತ್ತದೆ. ಆ ಕಾಗದದ ಹಿಂದೆ ಹೋಗಿ ಕಡತ ತೆರೆದು ನೋಡುವ ತಪಾಸಣಾಧಿಕಾರಿ ಬೇಕು, ಕಂಡದ್ದನ್ನು ಬರೆದರೆ ಎತ್ತಂಗಡಿಯಾಗುವುದಿಲ್ಲವೆಂಬ ಭದ್ರತೆ ಆತನಿಗೆ ಬೇಕು.

ಮಾಲೀಕ ಸರ್ಕಾರವಾದಾಗ

2003ರ ನಂತರದ ಭಾರತದ ಬೆಳವಣಿಗೆಯ ಅಲೆಯಲ್ಲಿ ವಿದ್ಯುತ್, ಉಕ್ಕು, ರಸ್ತೆ ಯೋಜನೆಗಳಿಗೆ ಸರ್ಕಾರಿ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು. ಭೂಮಿ ಸಿಗದೆ, ಕಲ್ಲಿದ್ದಲು ಸಿಗದೆ, ಅನುಮತಿ ಸಿಗದೆ ಯೋಜನೆಗಳು ನಿಂತಾಗ ಸಾಲದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ ಲೆಕ್ಕ ಸರಿಯಿದೆಯೆಂದು ತೋರಿಸಲಾಯಿತು. 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟದ ವಿಶೇಷ ಪರಿಶೀಲನೆ ನಡೆಸಿತು. ಮುಚ್ಚಿಟ್ಟದ್ದು ಹೊರಬಂತು. 2018ರ ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇ 11ಕ್ಕೂ ಹೆಚ್ಚು ವಸೂಲಾಗದ ಸಾಲವೆಂದು ದಾಖಲಾಯಿತು. 2017ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿ ಬಂಡವಾಳದ ಯೋಜನೆ ಪ್ರಕಟಿಸಿತು. ದಿವಾಳಿ ಸಂಹಿತೆ 2016ರಲ್ಲೇ ಬಂದಿತ್ತು. ಇಂದು ವಸೂಲಾಗದ ಸಾಲದ ಪ್ರಮಾಣ ಶೇ 3ಕ್ಕಿಂತ ಕೆಳಗಿದೆ. ಇದು ದೊಡ್ಡ ಸಾಧನೆ. ಆದರೆ ಕೆಲವು ವರ್ಷ ಮೊದಲೇ ಕಡತ ತೆರೆದಿದ್ದರೆ ಲಕ್ಷಾಂತರ ಕೋಟಿಯ ಆ ಹೊರೆ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

2018ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆ ಬಯಲಾದಾಗ ಅಂದಿನ ಗವರ್ನರ್ ಊರ್ಜಿತ್ ಪಟೇಲ್ ಗಾಂಧಿನಗರದಲ್ಲಿ ಮಾಡಿದ ಭಾಷಣದಲ್ಲಿ ಮೂಲ ತೊಡಕನ್ನು ನೇರವಾಗಿ ಮುಂದಿಟ್ಟರು. ಖಾಸಗಿ ಬ್ಯಾಂಕಿನ ಮುಖ್ಯಸ್ಥರನ್ನು ರಿಸರ್ವ್ ಬ್ಯಾಂಕ್ ತೆಗೆದುಹಾಕಬಹುದು, ಆಡಳಿತ ಮಂಡಳಿಯನ್ನು ವಜಾ ಮಾಡಬಹುದು, ಪರವಾನಗಿ ರದ್ದು ಮಾಡಬಹುದು. ಸರ್ಕಾರಿ ಬ್ಯಾಂಕಿನ ವಿಷಯದಲ್ಲಿ ಆ ಅಧಿಕಾರಗಳು ಅದಕ್ಕಿಲ್ಲ. ದೇಶದ ಠೇವಣಿಯ ಬಹುದೊಡ್ಡ ಭಾಗ ಯಾವ ಬ್ಯಾಂಕುಗಳಲ್ಲಿದೆಯೋ ಅವುಗಳ ಮೇಲೆಯೇ ಕಾವಲುಗಾರನ ಕೈ ಅರ್ಧ ಕಟ್ಟಿದೆ. ವಿಲೀನಗಳಿಂದ ಸರ್ಕಾರಿ ಬ್ಯಾಂಕುಗಳ ಸಂಖ್ಯೆ 12ಕ್ಕೆ ಇಳಿಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಹೆಸರುಗಳೊಳಗೆ ಸೇರಿಹೋದವು. ಬ್ಯಾಂಕುಗಳ ಗಾತ್ರ ಬದಲಾಯಿತು, ಅಧಿಕಾರದ ಅಸಮಾನತೆ ಹಾಗೆಯೇ ಉಳಿಯಿತು.

ನೆರೆಯ ಬಾಂಗ್ಲಾದೇಶ ಇದೇ ಕಾಯಿಲೆಯ ಎರಡೂ ರೂಪಗಳನ್ನು ಅನುಭವಿಸಿತು. 2012ರಲ್ಲಿ ಸರ್ಕಾರಿ ಸೋನಾಲಿ ಬ್ಯಾಂಕಿನ ಒಂದು ಶಾಖೆಯಿಂದ ಹಾಲ್‌ಮಾರ್ಕ್ ಗುಂಪು ನಕಲಿ ದಾಖಲೆಗಳ ಮೇಲೆ ಭಾರೀ ಸಾಲ ಎತ್ತಿದ್ದು ಬಯಲಾಯಿತು. ಖಾಸಗಿ ಬ್ಯಾಂಕುಗಳ ಕತೆಯೂ ಬೇರೆಯಲ್ಲ. ಆಡಳಿತ ಮಂಡಳಿಯಲ್ಲಿ ಒಂದು ಕುಟುಂಬದಿಂದ ಇಬ್ಬರಷ್ಟೇ ಇರಬಹುದೆಂಬ ನಿಯಮವನ್ನು 2018ರಲ್ಲಿ ಸಡಿಲಿಸಿ ನಾಲ್ವರಿಗೆ ಅವಕಾಶ ಕೊಟ್ಟರು. 2024ರ ಆಗಸ್ಟಿನಲ್ಲಿ ಸರ್ಕಾರ ಬದಲಾದ ಮೇಲೆ ಅಲ್ಲಿನ ಕೇಂದ್ರ ಬ್ಯಾಂಕ್ ಹಲವು ಬ್ಯಾಂಕುಗಳ ಆಡಳಿತ ಮಂಡಳಿಗಳನ್ನು ವಿಸರ್ಜಿಸಿ ಹೊಸದಾಗಿ ರಚಿಸಬೇಕಾಯಿತು. ನಿಯಮ ಸಡಿಲವಾದದ್ದು ರಾಜಕೀಯದಿಂದ, ಬಿಗಿಯಾದದ್ದೂ ರಾಜಕೀಯ ಬದಲಾದ ಮೇಲೆಯೇ. ಕಾವಲು ಸಂಸ್ಥೆಗೆ ಸ್ವಂತ ಕಾಲಿಲ್ಲದಿದ್ದರೆ ಹೀಗೆಯೇ ಆಗುತ್ತದೆ.

ಆಫ್ರಿಕಾದ ಎರಡು ಶುದ್ಧೀಕರಣಗಳು

ನೈಜೀರಿಯಾದ ಕೇಂದ್ರ ಬ್ಯಾಂಕ್ 2004ರಲ್ಲಿ ಬ್ಯಾಂಕುಗಳ ಕನಿಷ್ಠ ಬಂಡವಾಳವನ್ನು 200 ಕೋಟಿ ನೈರಾದಿಂದ 2,500 ಕೋಟಿ ನೈರಾಕ್ಕೆ ಏರಿಸಿತು. ವಿಲೀನಗಳಾಗಿ 89 ಬ್ಯಾಂಕುಗಳು 25ಕ್ಕೆ ಇಳಿದವು. ದೊಡ್ಡ ಬಂಡವಾಳ ಬಂದರೆ ಗಟ್ಟಿತನ ತಾನಾಗಿ ಬರುತ್ತದೆಂದು ಭಾವಿಸಲಾಗಿತ್ತು. ಆದರೆ ಕೈತುಂಬಾ ಹಣ ಬಂದ ಬ್ಯಾಂಕುಗಳು ಷೇರು ಕೊಳ್ಳುವವರಿಗೆ, ತೈಲ ಆಮದುದಾರರಿಗೆ ಮನಬಂದಂತೆ ಸಾಲ ಕೊಟ್ಟವು. 2008ರಲ್ಲಿ ಷೇರುಪೇಟೆ ಬಿತ್ತು. 2009ರ ಆಗಸ್ಟಿನಲ್ಲಿ ಹೊಸ ಗವರ್ನರ್ ಲಮಿದೊ ಸನುಸಿ ಐದು ಬ್ಯಾಂಕುಗಳ ಮುಖ್ಯಸ್ಥರನ್ನು ಒಂದೇ ದಿನ ತೆಗೆದುಹಾಕಿದರು, ಮುಂದೆ ಇನ್ನೂ ಮೂವರನ್ನು. ಬ್ಯಾಂಕುಗಳನ್ನು ಉಳಿಸಲು 62,000 ಕೋಟಿ ನೈರಾ ಹಾಕಿದರು, ಠೇವಣಿದಾರರು ಹಣ ಕಳೆದುಕೊಳ್ಳಲಿಲ್ಲ. ಬ್ಯಾಂಕಿನ ಮುಖ್ಯಸ್ಥರೊಬ್ಬರು ತಪ್ಪೊಪ್ಪಿಕೊಂಡು ಜೈಲು ಶಿಕ್ಷೆಯನ್ನೂ ಅನುಭವಿಸಿದರು. ಬಲಾಢ್ಯರನ್ನು ಮುಟ್ಟಲಾಗದು ಎಂಬ ಮಾತು ಸುಳ್ಳೆಂದು ತೋರಿಸಿದ ಅಪರೂಪದ ಪ್ರಸಂಗ ಇದು.

ಘಾನಾ 2017ರಿಂದ 2019ರವರೆಗೆ ಇನ್ನೂ ವ್ಯಾಪಕವಾದ ಶುದ್ಧೀಕರಣ ನಡೆಸಿತು. ಎರಡು ಬ್ಯಾಂಕುಗಳ ಪರವಾನಗಿ ರದ್ದಾಯಿತು, ಐದು ದುರ್ಬಲ ಬ್ಯಾಂಕುಗಳನ್ನು 2018ರಲ್ಲಿ ಒಂದು ಸರ್ಕಾರಿ ಬ್ಯಾಂಕಿನೊಳಗೆ ಸೇರಿಸಲಾಯಿತು, ಆಮೇಲೆ ನೂರಾರು ಕಿರು ಸಾಲ ಸಂಸ್ಥೆಗಳು ಮುಚ್ಚಿದವು. ಠೇವಣಿಗಳನ್ನು ತೀರಿಸಲು ಸರ್ಕಾರ ದೊಡ್ಡ ಮೊತ್ತದ ಬಾಂಡ್ ಹೊರಡಿಸಿ ತನ್ನ ಸಾಲದ ಹೊರೆ ಹೆಚ್ಚಿಸಿಕೊಂಡಿತು. ದೃಢತೆ ಮೆಚ್ಚಬೇಕಾದದ್ದೇ. ಆದರೆ ಪರವಾನಗಿಗಳನ್ನು ಸರಿಯಾದ ಪರಿಶೀಲನೆಯಿಲ್ಲದೆ ಕೊಟ್ಟು ನಂತರ ಒಟ್ಟಿಗೆ ರದ್ದು ಮಾಡುವುದು ಅತ್ಯಂತ ದುಬಾರಿಯಾದ ನಿಯಂತ್ರಣ ವಿಧಾನ.

ಬ್ಯಾಂಕಲ್ಲದ ಬ್ಯಾಂಕುಗಳು

ಬ್ಯಾಂಕಿನ ಮೇಲೆ ನಿಯಮ ಬಿಗಿಯಾದಂತೆ ಹಣ ಸಡಿಲ ನಿಯಮವಿರುವ ಕಡೆಗೆ ಹರಿಯುತ್ತದೆ. ಥಾಯ್ಲೆಂಡಿನಲ್ಲಿ ಕಂಡದ್ದು ಇಪ್ಪತ್ತು ವರ್ಷಗಳ ನಂತರ ಭಾರತದಲ್ಲೂ ಕಂಡಿತು. ಐಎಲ್‌ಅಂಡ್‌ಎಫ್‌ಎಸ್ ಎಂಬ ಮೂಲಸೌಕರ್ಯ ಹಣಕಾಸು ಸಮೂಹ ಅಲ್ಪಾವಧಿಗೆ ಸಾಲ ಎತ್ತಿ ದಶಕಗಟ್ಟಲೆ ನಡೆಯುವ ಯೋಜನೆಗಳಿಗೆ ಹಾಕಿತ್ತು. ಅದರ ಸಾಲ 90,000 ಕೋಟಿ ರೂಪಾಯಿ ದಾಟಿತ್ತು. 2018ರಲ್ಲಿ ಅದು ಕಂತು ತಪ್ಪಿಸುವ ಕೆಲವೇ ವಾರ ಮುಂಚಿನವರೆಗೂ ರೇಟಿಂಗ್ ಸಂಸ್ಥೆಗಳು ಅದಕ್ಕೆ ಅತ್ಯುನ್ನತ ದರ್ಜೆ ಕೊಟ್ಟಿದ್ದವು. ಅಕ್ಟೋಬರ್ 1ರಂದು ಕೇಂದ್ರ ಸರ್ಕಾರ ಅದರ ಆಡಳಿತ ಮಂಡಳಿಯನ್ನು ಬದಲಿಸಿತು. ಮುಂದಿನ ವರ್ಷ ಗೃಹಸಾಲ ಸಂಸ್ಥೆ ಡಿಎಚ್‌ಎಫ್‌ಎಲ್ ಬಿತ್ತು, 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕ್ ಮೇಲೆ ತಡೆ ಬಂತು. 2022ರಿಂದ ರಿಸರ್ವ್ ಬ್ಯಾಂಕ್ ಬ್ಯಾಂಕೇತರ ಸಂಸ್ಥೆಗಳನ್ನು ಗಾತ್ರ ಮತ್ತು ಅಪಾಯಕ್ಕೆ ತಕ್ಕಂತೆ ನಾಲ್ಕು ಸ್ತರಗಳಾಗಿ ವಿಂಗಡಿಸಿ, ದೊಡ್ಡವುಗಳಿಗೆ ಬ್ಯಾಂಕಿಗೆ ಹತ್ತಿರವಾದ ನಿಯಮ ಹಾಕಿದೆ.

ಚೀನಾದ ಅನುಭವವೂ ಇದೇ ದಿಕ್ಕಿನದು. ಜನರಿಂದ ಹಣ ಪಡೆದು ಇತರರಿಗೆ ಸಾಲ ಕೊಡಿಸುವ ಆನ್‌ಲೈನ್ ವೇದಿಕೆಗಳು ಸಾವಿರಗಟ್ಟಲೆ ಬೆಳೆದು, ಹಲವು ವಂಚನೆಯಲ್ಲಿ ಮುಗಿದವು. 2020ರ ಕೊನೆಗೆ ಆ ಇಡೀ ವಲಯವನ್ನೇ ಮುಚ್ಚಿಸಲಾಯಿತು. ಭಾರತ 2022ರ ಸೆಪ್ಟೆಂಬರಿನಲ್ಲಿ ಆ್ಯಪ್ ಸಾಲಗಳಿಗೆ ನಿಯಮ ತಂದಿತು. ಸಾಲದ ಹಣ ಮಧ್ಯವರ್ತಿಯ ಖಾತೆ ಹಾಯದೆ ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೆ ಬರಬೇಕು, ಎಲ್ಲ ಖರ್ಚು ಸೇರಿ ಬಡ್ಡಿ ಎಷ್ಟೆಂದು ಮೊದಲೇ ಹೇಳಬೇಕು. ಕೀನ್ಯಾದ ದಾರಿ ಬೇರೆ. 2007ರಲ್ಲಿ ಎಂ-ಪೇಸಾ ಮೊಬೈಲ್ ಹಣ ಸೇವೆ ಬಂದಾಗ ಅಲ್ಲಿನ ಕೇಂದ್ರ ಬ್ಯಾಂಕ್ ಜನರ ಹಣವನ್ನು ಬ್ಯಾಂಕುಗಳಲ್ಲಿ ಪ್ರತ್ಯೇಕ ಟ್ರಸ್ಟ್ ಖಾತೆಯಲ್ಲಿಡಬೇಕೆಂಬ ಷರತ್ತಿನ ಮೇಲೆ ಅದನ್ನು ಬೆಳೆಯಲು ಬಿಟ್ಟಿತು. ಹೊಸದನ್ನು ಹೊಸಕದೆ ಹಣವನ್ನೂ ಕಾಪಾಡಿದ ಜಾಣ ನಡೆ ಅದು.

ಸಹಕಾರದ ಹೆಸರಿನಲ್ಲಿ

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದು ಬಡ್ಡಿ ಸಾಹುಕಾರರ ಹಿಡಿತದಿಂದ ರೈತರನ್ನು ಬಿಡಿಸಲು. ಆ ಪರಂಪರೆಯ ನಾಡಿನಲ್ಲೇ 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರ ಬದುಕು ಒಂದು ದಿನದಲ್ಲಿ ತಲೆಕೆಳಗಾಯಿತು. ಅದಕ್ಕೆ ನಾಲ್ಕು ತಿಂಗಳ ಹಿಂದೆ ಮುಂಬೈನ ಪಿಎಂಸಿ ಸಹಕಾರ ಬ್ಯಾಂಕಿನಲ್ಲಿ ಈ ಮಿತಿ ಮೊದಲಿಗೆ 1,000 ರೂಪಾಯಿ ಆಗಿತ್ತು. ಅದರ ಸಾಲದ ಶೇ 70ಕ್ಕೂ ಹೆಚ್ಚು ಭಾಗ ಒಂದೇ ನಿರ್ಮಾಣ ಸಮೂಹಕ್ಕೆ ಹೋಗಿತ್ತು, ಸಾವಿರಾರು ನಕಲಿ ಖಾತೆಗಳ ಹಿಂದೆ ಅಡಗಿತ್ತು.

ಸಹಕಾರ ಬ್ಯಾಂಕುಗಳ ತೊಡಕು ಹಳೆಯದು. 1966ರಿಂದ ಅವುಗಳ ಬ್ಯಾಂಕಿಂಗ್ ವ್ಯವಹಾರ ರಿಸರ್ವ್ ಬ್ಯಾಂಕಿಗೆ, ಆಡಳಿತ ರಾಜ್ಯದ ಸಹಕಾರ ಇಲಾಖೆಗೆ ಸೇರಿತ್ತು. ಇಬ್ಬರು ಕಾವಲುಗಾರರಿದ್ದಾಗ ತಪ್ಪಿಗೆ ಪರಸ್ಪರ ಬೆರಳು ತೋರಿಸುವುದು ಸುಲಭ. 2001ರಲ್ಲಿ ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಬ್ಯಾಂಕ್ ಬಿದ್ದಾಗಲೇ ಈ ದ್ವಂದ್ವ ಕಣ್ಣಿಗೆ ರಾಚಿತ್ತು. ಕಾನೂನು ತಿದ್ದುಪಡಿಯಾಗಿ ಆಡಳಿತ ಮಂಡಳಿಯನ್ನು ವಜಾ ಮಾಡುವ, ವಿಲೀನಗೊಳಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಪೂರ್ಣವಾಗಿ ಬಂದದ್ದು 2020ರಲ್ಲಿ. ಹತ್ತೊಂಬತ್ತು ವರ್ಷ ಕಾದದ್ದರ ಬೆಲೆ ತೆತ್ತವರು ಠೇವಣಿದಾರರು. ಅದೇ ವರ್ಷ ಫೆಬ್ರುವರಿಯಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ನಿರ್ಬಂಧ ಬಂದ 90 ದಿನದೊಳಗೆ ವಿಮೆ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ಸಾಮಾನ್ಯರಿಗೆ ಇತ್ತೀಚಿನ ವರ್ಷಗಳಲ್ಲಿ ಆದ ಅತಿ ದೊಡ್ಡ ಉಪಕಾರ ಇದೆಂದೇ ನಾನು ಭಾವಿಸುತ್ತೇನೆ.

ಕಿರು ಸಾಲದ ದೊಡ್ಡ ನೋವು

ನಿಯಂತ್ರಣದ ಚರ್ಚೆ ಠೇವಣಿದಾರರಿಗೆ ನಿಲ್ಲಬಾರದು, ಸಾಲಗಾರರಿಗೂ ರಕ್ಷಣೆ ಬೇಕು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಒಂದೇ ಮನೆಗೆ ಹಲವು ಮೈಕ್ರೋ ಫೈನಾನ್ಸ್ ಸಂಸ್ಥೆಗಳು ಸಾಲ ಕೊಟ್ಟು, ವಸೂಲಿಗೆ ಮನೆಮುಂದೆ ಕೂತು, ಆತ್ಮಹತ್ಯೆಗಳ ಸುದ್ದಿ ಬಂದಾಗ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಾತಿ ಬಹುತೇಕ ನಿಂತುಹೋಯಿತು, ಸಾಲವೂ ನಿಂತಿತು. ಮಾಲೇಗಾಂ ಸಮಿತಿಯ ವರದಿಯ ಮೇಲೆ ರಿಸರ್ವ್ ಬ್ಯಾಂಕ್ 2011ರಲ್ಲಿ ಪ್ರತ್ಯೇಕ ನಿಯಮ ಮಾಡಿತು. 2022ರಲ್ಲಿ ಬಡ್ಡಿ ಮಿತಿ ತೆಗೆದು, ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದೆಂಬ ನಿಯಮ ತಂದಿತು. ಆದರೂ 2025ರ ಆರಂಭದಲ್ಲಿ ಕರ್ನಾಟಕದ ಹಳ್ಳಿಗಳಿಂದ ಅದೇ ಕೂಗು ಎದ್ದಿತು. ಊರು ಬಿಟ್ಟವರ, ಮನೆಗೆ ಬೀಗ ಬಿದ್ದವರ ಸುದ್ದಿ ದಿನವೂ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಿತು.

ಕಿರುಕುಳಕ್ಕೆ ಶಿಕ್ಷೆ ಬೇಕೇ ಬೇಕು. ಆದರೆ ಸಾಲ ಕೊಡುವ ದಿನ ಆದಾಯ ಪರಿಶೀಲಿಸುವ ನಿಯಮ ಪಾಲಿಸಿದ್ದರೆ ವಸೂಲಿಯ ದಿನ ಪೊಲೀಸರು ಬರಬೇಕಾಗಿರಲಿಲ್ಲ. ಬಡ್ಡಿಗೆ ಮಿತಿ ಹಾಕುವುದೂ ಸರಳ ಪರಿಹಾರವಲ್ಲವೆಂದು ಕೀನ್ಯಾ ತೋರಿಸಿದೆ. ಅಲ್ಲಿ 2016ರಲ್ಲಿ ಬ್ಯಾಂಕ್ ಬಡ್ಡಿಗೆ ಕಾನೂನಿನ ಮಿತಿ ಬಂದ ಮೇಲೆ ಬ್ಯಾಂಕುಗಳು ಸಣ್ಣ ವ್ಯಾಪಾರಿಗಳಿಗೆ ಸಾಲ ಕಡಿಮೆ ಮಾಡಿ ಸರ್ಕಾರಿ ಬಾಂಡ್ ಕೊಂಡವು. ಜನ ದುಬಾರಿ ಆ್ಯಪ್ ಸಾಲಗಳಿಗೆ ಹೋದರು. 2019ರಲ್ಲಿ ಆ ಮಿತಿಯನ್ನು ತೆಗೆದರು.

ಮುಂದೇನು?

ಒಳ್ಳೆಯ ಕಾಲದಲ್ಲಿ ಬಿಗಿ ಹಿಡಿಯುವುದು ಅತ್ಯಂತ ಕಷ್ಟದ ಮತ್ತು ಅತ್ಯಂತ ಅಗ್ಗದ ನಿಯಂತ್ರಣ. ವೈ.ವಿ. ರೆಡ್ಡಿ ಗವರ್ನರ್ ಆಗಿದ್ದಾಗ, ಜಗತ್ತೆಲ್ಲ ಮನೆ ಸಾಲದ ಅಮಲಿನಲ್ಲಿದ್ದ 2005–06ರಲ್ಲೇ, ವಾಣಿಜ್ಯ ಕಟ್ಟಡ ಸಾಲಗಳಿಗೆ ಹೆಚ್ಚು ಬಂಡವಾಳ ಇಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಬೆಳವಣಿಗೆಗೆ ಅಡ್ಡಿ ಎಂಬ ಟೀಕೆ ಬಂತು; 2008ರಲ್ಲಿ ಆ ನಡೆಯ ಬೆಲೆ ತಿಳಿಯಿತು. ಕೊಲಂಬಿಯಾ ಮತ್ತು ಪೆರು ಲಾಭದ ವರ್ಷಗಳಲ್ಲೇ ಮುಂದಿನ ನಷ್ಟಕ್ಕೆ ಹಣ ತೆಗೆದಿಡಬೇಕೆಂಬ ನಿಯಮವನ್ನೇ ಮಾಡಿವೆ. 2023ರ ನವೆಂಬರಿನಲ್ಲಿ ಅಡಮಾನವಿಲ್ಲದ ವೈಯಕ್ತಿಕ ಸಾಲಗಳ ಅಪಾಯದ ತೂಕವನ್ನು ರಿಸರ್ವ್ ಬ್ಯಾಂಕ್ ಶೇ 100ರಿಂದ 125ಕ್ಕೆ ಏರಿಸಿದ್ದು ಇದೇ ಹಾದಿಯಲ್ಲಿ.

ಭಾರತದಲ್ಲಿ ಇನ್ನೂ ಮೂರು ಕೆಲಸ ಬಾಕಿಯಿವೆ. ಒಂದು, ಮಾಲೀಕರು ಯಾರೇ ಇರಲಿ, ಕಾವಲು ಸಂಸ್ಥೆಯ ಅಧಿಕಾರ ಒಂದೇ ಇರಬೇಕು. ಎರಡು, ಬೀಳುವ ಬ್ಯಾಂಕನ್ನು ಗಲಿಬಿಲಿಯಿಲ್ಲದೆ ಮುಚ್ಚಲು ಪ್ರತ್ಯೇಕ ಕಾನೂನು ಬೇಕು. 2017ರಲ್ಲಿ ತಂದ ಅಂಥ ಮಸೂದೆಯಲ್ಲಿ ಠೇವಣಿಯನ್ನೇ ನಷ್ಟಕ್ಕೆ ಬಳಸುವ ಅವಕಾಶವಿದೆಯೆಂಬ ಭಯ ಹುಟ್ಟಿ, 2018ರಲ್ಲಿ ಅದನ್ನು ಹಿಂಪಡೆಯಲಾಯಿತು. ವಿಮೆಗೊಳಪಟ್ಟ ಠೇವಣಿಯನ್ನು ಮುಟ್ಟುವುದಿಲ್ಲವೆಂದು ನೇರವಾಗಿ ಬರೆದು ಅದನ್ನು ಮತ್ತೆ ತರಬೇಕು. ಮೂರು, ಪಾರದರ್ಶಕತೆ. ಬ್ಯಾಂಕುಗಳ ತಪಾಸಣೆಯ ಮಾಹಿತಿಯನ್ನು ಮಾಹಿತಿ ಹಕ್ಕಿನ ಅಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ತೀರ್ಪು ಕೊಟ್ಟಿದೆ. ಆ ತೀರ್ಪಿನ ಆಶಯ ದಿನನಿತ್ಯದ ರೂಢಿಯಾಗಬೇಕು.

ಬ್ಯಾಂಕು ಬಿದ್ದ ಮೇಲೆ ಯಾರನ್ನು ಬಂಧಿಸಿದರೆಂದು ಕೇಳುವುದರಲ್ಲಿ ನಮ್ಮ ಸಾರ್ವಜನಿಕ ಸಿಟ್ಟು ಮುಗಿದುಹೋಗುತ್ತಿದೆ. ಅದು ಬೀಳುವ ಎರಡು ವರ್ಷ ಮೊದಲಿನ ತಪಾಸಣಾ ವರದಿಯಲ್ಲಿ ಏನಿತ್ತು, ಅದನ್ನು ಓದಿದವರು ಯಾರು, ಓದಿದ ಮೇಲೆ ಏನು ಮಾಡಿದರು ಎಂದು ಶಾಸನಸಭೆಯಲ್ಲಿ, ಪತ್ರಿಕೆಗಳಲ್ಲಿ, ಬ್ಯಾಂಕಿನ ಸರ್ವ ಸದಸ್ಯರ ಸಭೆಯಲ್ಲಿ ಕೇಳುವುದು ನಮ್ಮ ಹಕ್ಕು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದೀತೆಂಬ ಎಚ್ಚರ ಕಾವಲು ಸಂಸ್ಥೆಗಳಿಗೆ ಇದ್ದರೆ ಕ್ರಮ ತಡವಾಗುವುದಿಲ್ಲ.